ಹತ್ತಿ ಖೋಲಿಯ ನಮಾಜು

ಕಳೆದ ವಾರ ಹಳೆಯ ಗಾದಿಯೊಂದನ್ನು ಬಿಚ್ಚಿದೆ. ನನ್ನ ಮದುವೆಯಲ್ಲಿ ತವರಿನಿಂದ ಬಂದದ್ದು, ಅಪ್ಪ ಕೈಯಾರೆ ಹತ್ತಿ ಹಿಂಜಿ ಹೊಲಿದದ್ದು. ಯಾದಗಿರಿಯ ಈ ಬಾಡಿಗೆ ಮನೆಯಲ್ಲಿ ಕಲ್ಲಿನಂತಾಗಿ ಬಿದ್ದಿತ್ತು. ಅದನ್ನು ಎಸೆದು ಫೋಮಿನದು ತರೋಣ ಅಂತ ಮಗಳು ವರ್ಷದಿಂದ ಗಂಟುಬಿದ್ದಿದ್ದಳು. ಎಸೆಯುವ ಮುಂಚೆ ಒಂದೆರಡು ದಿಂಬಿಗಾದರೂ ಹತ್ತಿ ಸಿಕ್ಕೀತೆಂದು ಬ್ಲೇಡು ಹಾಕಿ ಹೊಲಿಗೆ ಬಿಡಿಸಿದೆ. ಒಳಗಿನಿಂದ ಒಂದು ವಾಸನೆ ಬಂತು... ಕಾದ ಹತ್ತಿ, ಹತ್ತಿಕಾಳಿನ ಜಿಡ್ಡು, ಹಳೆಯ ಧೂಳು. ಸುರಪುರದ ನಮ್ಮ ಮನೆಯ ಹಿಂದಿನ ಖೋಲಿ ಹೀಗೇ ನಾರುತ್ತಿತ್ತು. ಆ ಖೋಲಿಯಲ್ಲಿ ಎರಡು ವರ್ಷ ಒಬ್ಬ ಹೆಣ್ಣುಮಗಳು ಯಾರಿಗೂ ಗೊತ್ತಾಗದಂತೆ ನಮಾಜು ಮಾಡಿದಳು. ದೇವರ ಮುಂದೆ ನಿಲ್ಲುವುದನ್ನೂ ಕದ್ದು ಮಾಡಬೇಕಾದ ಹಾಗೆ ಆಕೆಯನ್ನು ಮಾಡಿದವನು ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಗ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಮ್ಮದು ಪಿಂಜಾರರ ಓಣಿ. ಮುಸಲ್ಮಾನರೇ, ಆದರೆ ಮನೆಯಲ್ಲಿ ಆಡುವುದು ಕನ್ನಡ. ಅವ್ವನಿಗೆ ಅವ್ವ, ಅಪ್ಪನಿಗೆ ಅಪ್ಪ ಅನ್ನುವವರು. ಗಾದಿ, ದಿಂಬು ಹೊಲಿದು ಶಹಾಪುರ, ಶಿರವಾಳ ಅಂತ ಹೊತ್ತುಕೊಂಡು ಹೋಗಿ ಮಾರುವ ಕಸುಬು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯೇ ನಾನು ಹೇಳಿದ ಆ ಹೆಣ್ಣುಮಗಳದು. ಓಣಿಯ ಮಕ್ಕಳಿಗೆಲ್ಲ ಕುರಾನ್ ಓದಿಸುತ್ತಿದ್ದಳು. ಎಲ್ಲರೂ ಖಾಲಾ ಅನ್ನುತ್ತಿದ್ದೆವು. ಗಂಡ ತೀರಿ ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ಅವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಗಾದಿಯ ಅಂಗಡಿ.

ಖಾಲಾಳನ್ನು ಸಾಧ್ವಿ ಮಾಡಿ ಪಟಕ್ಕೆ ಹಾಕುವ ಇರಾದೆ ನನಗಿಲ್ಲ. ಮಹಾ ಜೋರಿನ ಹೆಂಗಸು. ಪಕ್ಕದಲ್ಲಿ ಬೇವಿನ ಬರಲು, ಎಲೆ ಸವರಿದ ಕಡ್ಡಿ, ಇಟ್ಟುಕೊಂಡೇ ಕೂಡುತ್ತಿದ್ದಳು. ಅಕ್ಷರ ಗಂಟಲಿನಿಂದ ಬರಬೇಕಾದಲ್ಲಿ ನಾಲಿಗೆಯಿಂದ ಬಂತೋ, ಅಂಗೈ ಮೇಲೆ ಚಟ್ ಅಂತ ಬೀಳುತ್ತಿತ್ತು. ನನಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಅಳುತ್ತಾ ಮನೆಗೆ ಹೋದರೆ ಅವ್ವ ಇನ್ನೊಂದು ಹಾಕುತ್ತಿದ್ದಳು. ಆದರೂ ಸಂಜೆಯಾದರೆ ನಾವೆಲ್ಲ ಓಡಿ ಹೋಗಿ ಆಕೆಯ ಪಡಸಾಲೆಯಲ್ಲೇ ಕೂಡುತ್ತಿದ್ದೆವು, ಯಾಕೆಂದರೆ ಪಾಠ ಮುಗಿದ ಮೇಲೆ ಹುರಿದ ಶೇಂಗಾ ಸಿಗುತ್ತಿತ್ತು. ನಾನು ಕುರಾನ್ ಮುಗಿಸಿದ ಮೇಲೂ ಹೋಗುವುದು ಬಿಡಲಿಲ್ಲ. ಹದಿನೇಳರ ಹೊತ್ತಿಗೆ ಸಣ್ಣ ಹುಡುಗಿಯರಿಗೆ ಅಕ್ಷರ ಹೇಳಿಕೊಡುವ ಕೆಲಸ ನನ್ನದಾಗಿತ್ತು. ಹಾಗಾಗಿ ಮುಂದೆ ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು.

ಮಗನಿಗೆ ಗುರುಮಠಕಲ್ ಕಡೆಯ ಹುಡುಗಿಯನ್ನು ತಂದಿದ್ದರು. ತೆಲುಗು ಬೆರೆತ ಮಾತು, ಮೆತ್ತಗಿನ ಸ್ವಭಾವ, ಕೈಯಲ್ಲಿ ಒಳ್ಳೆಯ ಹೊಲಿಗೆ. ನನಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವಳು, ಬಂದ ತಿಂಗಳಲ್ಲೇ ನನಗೆ ಗೆಳತಿಯಾದಳು. ರಂಜಾನಿನಲ್ಲಿ ಮೂವತ್ತೂ ದಿನ ಉಪವಾಸದ ರೋಜಾ ಇರುತ್ತಿದ್ದಳು. ನಮಾಜಿಗೆ ಮಾತ್ರ ನಿಲ್ಲುತ್ತಿರಲಿಲ್ಲ. ಯಾಕೆ? ನನಗೆ ಗೊತ್ತಿಲ್ಲ. ಓಣಿಯ ಹೆಂಗಸರು ಹತ್ತು ಕಾರಣ ಹುಟ್ಟಿಸಿದರು. ಮೊದಲ ಕೂಸು ಉಳಿಯಲಿಲ್ಲ ಅಂತ ಸಿಟ್ಟು ಅಂದರು, ತವರಿನಲ್ಲಿ ಕಲಿಸಿಲ್ಲ ಅಂದರು, ಸೊಕ್ಕು ಅಂದರು. ಖಾಲಾ ಕೇಳಲೇ ಇಲ್ಲ. ಐದೂ ಹೊತ್ತು ತಾನು ಕೈಕಾಲು ಮುಖ ತೊಳೆದು ವಜೂ ಮಾಡಿ ನಿಲ್ಲುತ್ತಿದ್ದಳು, ಸೊಸೆ ಆ ಹೊತ್ತಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ವರ್ಷ ಹಾಗೇ ನಡೆಯಿತು. ಅಷ್ಟರಲ್ಲಿ ಒಂದು ಹೆಣ್ಣುಮಗುವೂ ಆಗಿತ್ತು.

ಅಲ್ಲಿಯವರೆಗೆ ಆ ಮಗ ಮಹಾಶಯನೂ ಶುಕ್ರವಾರಕ್ಕೊಮ್ಮೆ ಮಸೀದಿಯ ಮುಖ ನೋಡುವವನೇ. ಒಂದು ಬೇಸಿಗೆಯಲ್ಲಿ ನಾಲ್ಕು ಜನರ ಜೊತೆಗೂಡಿ ಧರ್ಮದ ಮಾತು ಹೇಳುತ್ತಾ ನಲವತ್ತು ದಿನ ಊರೂರಿನ ಮಸೀದಿಗಳಲ್ಲಿ ಉಳಿದು ಬಂದ. ಹಾಗೆ ಹೋಗಿ ಬಂದವರೆಲ್ಲ ಕೆಟ್ಟರು ಅಂತ ನಾನು ಹೇಳಲಾರೆ. ನಮ್ಮಪ್ಪನೂ ಹೋಗಿದ್ದ, ಬಂದ ಮೇಲೆ ಬೀಡಿ ಬಿಟ್ಟ, ಅವ್ವನಿಗೆ ಬೈಯುವುದನ್ನೂ ಬಿಟ್ಟ. ಇವನು ಮಾತ್ರ ಮನೆಗೆ ಕಾಲಿಟ್ಟ ದಿನವೇ ಹೆಂಡತಿಯ ಮೇಲೆ ಬಿದ್ದ. ಮೊದಲು ಬುದ್ಧಿ ಹೇಳಿದ, ಆಮೇಲೆ ಮಾತು ಬಿಟ್ಟ, ಆಮೇಲೆ ಒಂದು ಕಾನೂನು ತಂದ. ಮಧ್ಯಾಹ್ನದ ನಮಾಜು ಮುಗಿಸಿ ಊಟಕ್ಕೆ ಬಂದವನು ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಕೇಳುತ್ತಿದ್ದ, ನಮಾಜಾಯಿತೇ ಅಂತ. ಆಗಿಲ್ಲ ಅಂದರೆ ಆಕೆಗೆ ಆ ಹೊತ್ತಿನ ಊಟವಿಲ್ಲ. ಬೇಯಿಸುವವಳು ಆಕೆ, ಬಡಿಸುವವಳು ಆಕೆ, ಉಣ್ಣುವಂತಿಲ್ಲ. ಥೂ, ಹೇಳಲಿಕ್ಕೇ ನಾಲಿಗೆ ಹೊರಳುವುದಿಲ್ಲ.

ಮೊದಲ ದಿನ ಖಾಲಾ ಸುಮ್ಮನಿದ್ದಳು. ಇದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಸೊಸೆ ಒಲೆಯ ಮುಂದೆ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು, ಇತ್ತ ತಾಯಿ ಮಗ ಇಬ್ಬರೂ ಉಂಡರು. ಖಾಲಾ ತಲೆ ಎತ್ತದೆ ಉಂಡಳು. ಎರಡನೆಯ ದಿನ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಇಲ್ಲ. ಖಾಲಾ ರೊಟ್ಟಿ ಮುರಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ತಾಟನ್ನು ಮಗನ ಕಡೆ ತಳ್ಳಿದಳು.

"ಐವತ್ತು ವರ್ಷ ಅಲ್ಲಾಹನ ಮುಂದ ಬಾಗೀನಿ. ನಿನ್ನ ಮುಂದ ಬಾಗಂಗಿಲ್ಲ. ಇವತ್ತಿಂದ ಈ ಮನ್ಯಾಗ ನಾನೂ ನಮಾಜ್ ಮಾಡಂಗಿಲ್ಲ. ನನ್ನ ತಾಟೂ ತೆಗಿ."

ಅವನು ನಕ್ಕ. ಅವ್ವ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಸಂಜೆ ಹೊತ್ತಿಗೆ ನಗು ಇಳಿಯಿತು. ಆ ದಿನ ಖಾಲಾ ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಸೊಸೆಯ ಪಕ್ಕದಲ್ಲಿ ಒಲೆಯ ಮುಂದೆ ಹೋಗಿ ಕೂತಳು. ನಾನು ಪಡಸಾಲೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಾ ಒಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಸಕ್ಕರೆ ಕಾಯಿಲೆಯ ಹೆಂಗಸು, ತುಟಿ ಒಣಗಿ ಬೆಳ್ಳಗಾಗಿತ್ತು. ನೀರು ತಂದುಕೊಟ್ಟರೆ ಮೊದಲು ಸೊಸೆಗೆ ಕುಡಿಸಿ ಆಮೇಲೆ ತಾನು ಕುಡಿದಳು. ನಮ್ಮವ್ವ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹೋದರೆ ವಾಪಸು ಕಳಿಸಿದಳು. ಕದ್ದು ಉಂಡರೆ ಗೆದ್ದ ಹಾಗಲ್ಲ ಅಂದಳಂತೆ.

ಆ ಮೂರನೆಯ ದಿನ ಮಧ್ಯಾಹ್ನ ಆಕೆಯ ಕಾಲು ಒತ್ತುತ್ತಾ ಕೂತಾಗ ನಾನು ಕೇಳಿದೆ, ನೀವು ಯಾಕೆ ನಮಾಜು ಬಿಡಬೇಕು ಖಾಲಾ, ತಪ್ಪು ಅವನದಲ್ಲವೇ ಅಂತ. ಆಕೆ ಮೂಲೆಯಲ್ಲಿದ್ದ ಬೇವಿನ ಬರಲಿನ ಕಡೆ ಕೈ ತೋರಿಸಿದಳು.

"ಹತ್ತು ವರ್ಷದಾಂವ ಇದ್ದಾಗ ಇದೇ ಬರಲಿಲೆ ಬಡದು ಬಡದು ಜಾನಮಾಜ್ ಚಾಪಿ ಮ್ಯಾಲ ನಿಲ್ಸೀನಿ ಅವನ್ನ. ನಮಾಜ್ ಕಲಿಲಿಲ್ಲ ಅಂವ, ಬಡಿಯೋದು ಕಲ್ತ. ನನ್ನ ಕಡಿಂದಾನ ಕಲ್ತಾನವ್ವ."

ಅವತ್ತೇ ಸಂಜೆ ಬೇವಿನ ಬರಲನ್ನು ಮುರಿದು ಒಲೆಗೆ ಹಾಕಿದಳು. ನನಗೆ ಆಕೆಯ ಮೇಲೂ ಸಿಟ್ಟು ಬಂತು, ಇಷ್ಟು ತಿಳಿಯಲಿಕ್ಕೆ ಇಷ್ಟು ವರ್ಷ ಬೇಕಾಯಿತೇ ಅಂತ. ನನ್ನ ಅಂಗೈ ಅವಳದೇ ಬರಲಿನ ರುಚಿ ಕಂಡದ್ದಲ್ಲವೇ.

ನಾಲ್ಕನೆಯ ದಿನ ಮಧ್ಯಾಹ್ನ ಬಂದವನು ಏನೂ ಕೇಳಲಿಲ್ಲ. ತಾನೇ ಎರಡು ತಾಟು ತೆಗೆದಿಟ್ಟು, ಪಲ್ಯ ಬಡಿಸಿ, ತಾಯಿಯ ಮುಂದೊಂದು ಹೆಂಡತಿಯ ಮುಂದೊಂದು ಕುಕ್ಕಿ, ಅಂಗಡಿಗೆ ಹೋದ. ಊಟದ ಕಾನೂನು ಅಲ್ಲಿಗೆ ಮುಗಿಯಿತು. ಆದರೆ ಅದು ಸೋಲು ಅಂತ ಅವನು ಒಪ್ಪಲಿಲ್ಲ. ಮಸೀದಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ, ತಾಯಿ ನಮಾಜು ಬಿಟ್ಟಿದ್ದಾಳೆ ಬುದ್ಧಿ ಹೇಳಿ ಅಂತ. ಖಾಲಾ ಅವರಿಗೆ ಚಹಾ ಕೊಟ್ಟು ಹೇಳಿದ್ದು ಇಷ್ಟೇ. ಸೊಸೆಗೆ ಇನ್ನು ಯಾವತ್ತೂ ಈ ವಿಷಯ ಕೇಳುವುದಿಲ್ಲ ಅಂತ ಇವನು ಒಂದು ಮಾತು ಕೊಡಲಿ, ಈಗಲೇ ನಿಮ್ಮೆದುರಿಗೇ ಎದ್ದು ವಜೂ ಮಾಡುತ್ತೇನೆ. ಹಿರಿಯರು ಅವನ ಮುಖ ನೋಡಿದರು. ಅವನು ಗೋಡೆ ನೋಡಿದ. ತಾಯಿಗಿಂತ ಆ ಒಂದು ಮಾತು ಅವನಿಗೆ ಭಾರವಾಯಿತು.

ಆ ವಾರದಿಂದಲೇ ಬೆಳಗಿನ ಜಾವದ ಬಾಂಗ್ ಆದ ಮೇಲೆ ನಮ್ಮ ಹಿತ್ತಲ ಬಾಗಿಲು ಸದ್ದು ಮಾಡತೊಡಗಿತು. ಮಗ ಮುಂದಿನ ಬಾಗಿಲಿನಿಂದ ಮಸೀದಿಗೆ ಹೋಗುತ್ತಿದ್ದ, ತಾಯಿ ಹಿಂದಿನಿಂದ ನಮ್ಮ ಮನೆಗೆ ಬರುತ್ತಿದ್ದಳು. ಉಳಿದ ನಾಲ್ಕು ಹೊತ್ತೂ ಹಾಗೇ. ಹತ್ತಿ ತುಂಬಿಡುವ ಖೋಲಿ, ಒಂದೇ ಕಿಟಕಿ. ಹತ್ತಿಯ ಗಂಟುಗಳನ್ನು ಒತ್ತರಿಸಿ ಒಬ್ಬರು ನಿಂತು ಬಾಗಲು ಆಗುವಷ್ಟು ಜಾಗವನ್ನು ಅವ್ವ ಮಾಡಿಕೊಟ್ಟಿದ್ದಳು. ಹಣೆ ನೆಲಕ್ಕೆ ಹಚ್ಚಿದ ಸಜ್ದಾದಿಂದ ಏಳುವಾಗ ಆಕೆಯ ಹಣೆಗೆ, ಓಢಣಿಗೆ ಹತ್ತಿಯ ಎಳೆ ಅಂಟಿರುತ್ತಿತ್ತು. ಅವನ್ನು ಒಂದೊಂದೇ ತೆಗೆದು ಕಳಿಸುವುದು ನನ್ನ ಕೆಲಸ. ಆಕೆ ಮಗುವಿನ ಹಾಗೆ ಮುಖ ಮುಂದೆ ಚಾಚಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು... ಎಷ್ಟು ಸುಕ್ಕು ಆ ಮುಖದಲ್ಲಿ.

ಅವನು ಮಸೀದಿಯಲ್ಲಿರುವಾಗ ನಿಮ್ಮ ಮನೆಯಲ್ಲೇ ಮಾಡಬಹುದಲ್ಲ, ಯಾರು ನೋಡುತ್ತಾರೆ ಅಂತ ಒಮ್ಮೆ ಕೇಳಿದೆ. ಆ ಮನೆಯಲ್ಲಿ ಮಾಡುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಿದ್ದೇನೆ, ಹೇಳಿ ಮಾಡಿದರೆ ಸುಳ್ಳಾಗುತ್ತದೆ, ಸುಳ್ಳು ಹೇಳಿ ನಮಾಜಿಗೆ ನಿಲ್ಲಲೇ ಅಂದಳು. ಆಮೇಲೆ ನನ್ನ ಗದ್ದ ಹಿಡಿದು ಆಣೆ ತೆಗೆದುಕೊಂಡಳು.

"ನಾ ಸತ್ತರೂ ಹೇಳಬ್ಯಾಡ. ಅವ್ವನೂ ಮಾಡಾಕತ್ಯಾಳ, ನಿಂದೇನು ದೊಡ್ಡಸ್ತಿಕಿ ಅಂತ ನಾಳಿಗೇ ನನ್ನ ಸೊಸಿ ಕುತಿಗಿಗೆ ಕೂಡ್ತಾನ ಅಂವ."

ಬೆಲೆ ಏನು ಕೊಟ್ಟಳು ಗೊತ್ತೇ? ಒಂದೇ ತಿಂಗಳಲ್ಲಿ ಆಕೆಯ ಪಡಸಾಲೆ ಖಾಲಿಯಾಯಿತು. ನಮಾಜು ಬಿಟ್ಟವಳ ಹತ್ತಿರ ಕುರಾನ್ ಓದುವುದೆಂಥದು ಅಂತ ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡರು. ಆಕೆಯ ಕೈಯಲ್ಲೇ ಅಕ್ಷರ ಕಲಿತ ಹೆಂಗಸರು, ಹಬ್ಬಕ್ಕೆ ಆಕೆಯ ಕೈಯ ಶೀರ್‌ಕುರ್ಮಾ ಕುಡಿದು ಬೆಳೆದವರು, ಎದುರಿಗೆ ಬಂದರೆ ಸಲಾಮು ಸಹ ಹೇಳದೆ ಸೆರಗು ಎಳೆದುಕೊಂಡು ಹೋದರು. ಸಂಜೆ ಹೊತ್ತು ಖಾಲಾ ಖಾಲಿ ಪಡಸಾಲೆಯಲ್ಲಿ ಶೇಂಗಾ ಹುರಿದಿಟ್ಟುಕೊಂಡು ಕೂತಿರುತ್ತಿದ್ದಳು. ನಾನೊಬ್ಬಳೇ ಹೋಗಿ ತಿನ್ನುತ್ತಿದ್ದೆ. ಆ ಹೆಂಗಸರಲ್ಲಿ ಮೂವರು ಈಗಲೂ ಫೋನು ಮಾಡಿ ನನ್ನ ಯೋಗಕ್ಷೇಮ ಕೇಳುತ್ತಾರೆ. ನಾನು ಚೆನ್ನಾಗಿದ್ದೇನೆ ಅಂತ ಹೇಳಿ ಇಟ್ಟುಬಿಡುತ್ತೇನೆ.

ಇದನ್ನು ಓದಿ ಕೆಲವರಿಗೆ ಖುಷಿಯಾಗುತ್ತದೆ ಅಂತಲೂ ನನಗೆ ಗೊತ್ತು. ನಾನು ಈಗ ಸರ್ಕಾರಿ ಶಾಲೆಯಲ್ಲಿ ಟೀಚರು. ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿ ತಪ್ಪಿ ಈ ಕಥೆಯ ಅರ್ಧ ಹೇಳಿದ್ದಕ್ಕೆ, ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಿಮ್ಮವರಲ್ಲಿ ಹೆಂಗಸರ ಹಣೆಬರಹವೇ ಇಷ್ಟು ನೋಡಿ ಅಂತ ತೃಪ್ತಿಯಿಂದ ತಲೆ ಆಡಿಸಿದರು. ನಿಮ್ಮ ಸೊಸೆ ಸೋಮವಾರದ ಉಪವಾಸ ತನ್ನ ಮನಸ್ಸಿನಿಂದ ಮಾಡುತ್ತಾಳೋ ನಿಮ್ಮ ಮನೆಯವರ ಮುಖ ನೋಡಿ ಮಾಡುತ್ತಾಳೋ, ಒಮ್ಮೆ ಕೇಳಿ ನೋಡಿ ಅಂದೆ. ಆಮೇಲೆ ಅವರು ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಬಿಡಲಿ. ನನ್ನ ಸಿಟ್ಟು ನನ್ನ ಮನೆಯವರ ಮೇಲಿನ ಸಿಟ್ಟು, ಅದರಲ್ಲಿ ಹೊರಗಿನವರಿಗೆ ಪಾಲಿಲ್ಲ.

ಖಾಲಾ ಹೋದದ್ದು ಏಪ್ರಿಲ್‌ನ ಒಂದು ಬೆಳಿಗ್ಗೆ. ಜಾವದ ನಮಾಜು ನಮ್ಮಲ್ಲೇ ಮುಗಿಸಿ, ಎದೆಯಲ್ಲಿ ಏನೋ ಹಿಡಿದಂತಾಗಿದೆ ಅಂತ ಹೇಳಿ ಮನೆಗೆ ಹೋದಳು. ಹೊತ್ತೇರುವಷ್ಟರಲ್ಲಿ ಸೊಸೆ ಕೂಗಿದ್ದು ಕೇಳಿಸಿತು. ಓಡಿದೆ. ಎಲ್ಲ ಮುಗಿದಿತ್ತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ತೀರಿಹೋದವರು ಬಿಟ್ಟ ನಮಾಜುಗಳಿಗೆ ಬದಲಾಗಿ ಬಡವರಿಗೆ ಗೋಧಿ ಕೊಡುವ ರೂಢಿ ನಮ್ಮಲ್ಲಿ ಕೆಲವು ಮನೆಗಳಲ್ಲಿದೆ, ಫಿದ್ಯಾ ಅನ್ನುತ್ತಾರೆ. ಮನೆಯವರು ಗುಟ್ಟಾಗಿ, ಸತ್ತವರ ಮರ್ಯಾದೆ ಕಾಪಾಡಿಕೊಂಡು ಕೊಡುವುದು ಅದು. ಇವನು ಗಾಡಿಯಲ್ಲಿ ಚೀಲಗಟ್ಟಲೆ ಗೋಧಿ ತರಿಸಿ ಅಂಗಳದಲ್ಲಿ ಸುರಿಸಿ ಓಣಿಗೆಲ್ಲ ಹೇಳಿ ಕಳಿಸಿದ, ನಮ್ಮವ್ವ ಎರಡು ವರ್ಷ ಬಿಟ್ಟ ನಮಾಜಿನ ಫಿದ್ಯಾ, ಬಂದು ಒಯ್ಯಿರಿ ಅಂತ. ಜನ ಬಂದರು. ಎಂಥ ಮಗ, ತಾಯಿಯನ್ನು ನರಕದಿಂದ ಬಿಡಿಸಿದ ಅಂದರು. ಖೋಲಿಗೆ ಬರತೊಡಗಿದ ಮೇಲೆ ಒಂದೇ ಒಂದು ನಮಾಜು ಬಿಡದವಳ ಹೆಸರಿನಲ್ಲಿ ಅವನು ಬೊಗಸೆ ಬೊಗಸೆ ಅಳೆದು ಹಾಕುತ್ತಿದ್ದ. ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಗುಟ್ಟು ಗೊತ್ತಿದ್ದ ಸೊಸೆ ಪಕ್ಕದಲ್ಲೇ ನಿಂತಿದ್ದಳು, ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ತಲೆ ಅಲ್ಲಾಡಿಸಿದಳು. ನುಂಗಿಕೊಂಡೆ. ನಮ್ಮ ಮನೆಗೂ ಒಂದು ಮೊರ ಗೋಧಿ ಬಂತು. ಅಪ್ಪನ ಕಸುಬು ಬಿದ್ದುಹೋಗಿದ್ದ ಕಾಲ, ಅವ್ವ ಅಳುತ್ತಲೇ ಬೀಸಿಸಿಕೊಂಡು ಬಂದಳು. ಆ ಗೋಧಿಯ ಚಪಾತಿ ನಾನೂ ತಿಂದೆ.

ಖಾಲಾ ತೀರಿ ನಲವತ್ತು ದಿನ ಕಳೆದ ಮರುದಿನ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಮತ್ತೆ ಕೇಳಿದನಂತೆ, ನಮಾಜಾಯಿತೇ ಅಂತ. ಈ ಸಲ ಪಕ್ಕದಲ್ಲಿ ಬಂದು ಕೂಡುವವರು ಯಾರೂ ಇರಲಿಲ್ಲ. ಸೊಸೆ ಎರಡು ಸೀರೆ ಗಂಟು ಕಟ್ಟಿ, ಮಗಳನ್ನು ಕಂಕುಳಿಗೆ ಹಾಕಿಕೊಂಡು ಗುರುಮಠಕಲ್ಲಿಗೆ ಹೋದಳು. ತಿರುಗಿ ಬರಲಿಲ್ಲ. ಇನ್ನು ನನ್ನ ಆಣೆಗೆ ಅರ್ಥವಿರಲಿಲ್ಲ, ಹೇಳಬಹುದಿತ್ತು. ಆದರೆ ನನ್ನ ಮದುವೆಯ ಮಾತು ನಡೆದಿತ್ತು, ಗಂಡಿನ ಕಡೆಯವರು ಇವನಿಗೆ ಬೇಕಾದವರು. ಬಾಯಿ ಮುಚ್ಚಿಕೊಂಡೆ. ಬೇರೆಯವರಿಗೆ ಬೈಯುವಾಗ ಇದನ್ನು ಬಿಟ್ಟು ಬೈದರೆ ನಾನೂ ಅವರಂಥವಳೇ.

ಗಾದಿ ಬಿಚ್ಚಿದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಬಸ್ಸು ಹತ್ತಿ, ಶಹಾಪುರದಲ್ಲಿ ಇಳಿದು ಇನ್ನೊಂದು ಹಿಡಿದು ಸುರಪುರಕ್ಕೆ ಹೋದೆ. ನಮ್ಮ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು, ಖೋಲಿ ಇದ್ದಲ್ಲಿ ಈಗ ಮೋರಿ ಇದೆ. ಅವನ ಅಂಗಡಿ ಮಾತ್ರ ದೊಡ್ಡದಾಗಿದೆ. ಫೋಮಿನ ಗಾದಿಗಳ ನಡುವೆ ಬಿಳಿ ಗಡ್ಡ ಬಿಟ್ಟುಕೊಂಡು ಕೂತಿದ್ದ. ಗುರುತು ಹಿಡಿದು, ಕುರ್ಚಿ ಸರಿಸಿ, ಚಹಾ ತರಿಸಿದ. ಮಾತಿನ ನಡುವೆ ಖಾಲಾಳ ಹೆಸರು ಬಂದೊಡನೆ, ಪಾಪ ಕೊನೆಗಾಲದಲ್ಲಿ ನಮಾಜು ಬಿಟ್ಟು ಹೋದಳು ಅಂತ ಶುರು ಮಾಡಿದ. ಇಪ್ಪತ್ತು ವರ್ಷದಿಂದ ಇದನ್ನೇ ಜನರಿಗೆ ಹೇಳಿಕೊಂಡು ಬಂದಿದ್ದಾನೆ ಅಂತ ಆ ಸಲೀಸು ಮಾತಿನಿಂದಲೇ ಗೊತ್ತಾಯಿತು. ನಾನು ಚಹಾ ಕೆಳಗಿಟ್ಟು ಎಲ್ಲ ಹೇಳಿದೆ. ಹಿತ್ತಲ ಬಾಗಿಲು, ಹತ್ತಿಯ ಖೋಲಿ, ಐದೂ ಹೊತ್ತು, ಎರಡು ವರ್ಷ.

ಅವನು ತನ್ನ ಚಹಾ ಗುಟುಕರಿಸಿದ.

"ಗೊತ್ತಿತ್ತು," ಅಂದ.

ನಾನು ಕುರ್ಚಿ ಹಿಂದಕ್ಕೆ ತಳ್ಳಿದೆ. "ಗೊತ್ತಿದ್ದೂ ಗೋಧಿ ಹಂಚಿದ್ರೇನ್ರಿ ಅಣ್ಣಾ?"

"ಮತ್ತೇನು ಮಾಡಬೇಕಿತ್ತು? ಮಂದಿ ಮನ್ಯಾಗ ಮಾಡ್ತಾಳ, ನನ್ನ ಮನ್ಯಾಗ ಮಾಡಂಗಿಲ್ಲ ಅಂತ ಊರಿಗೆ ಹೇಳಲೇನು? ನನ್ನ ಮರ್ಯಾದಿ ಏನಾಗಬೇಕು?"

ತಾಯಿಯನ್ನು ಊರೆದುರಿಗೆ ನಮಾಜು ಬಿಟ್ಟವಳನ್ನಾಗಿ ಮಾಡಿದ್ದು ಅವನ ಮರ್ಯಾದೆಗೆ. ಆ ಗಡ್ಡ ಹಿಡಿದು ಜಗ್ಗಬೇಕು ಅನ್ನಿಸಿತು, ಸುಳ್ಳೇಕೆ ಹೇಳಲಿ. ಅಂಗಡಿಗೆ ಗಿರಾಕಿ ಬಂದಿದ್ದರು. ಚೀಲ ಎತ್ತಿಕೊಂಡು ಎದ್ದೆ. ಮೆಟ್ಟಿಲು ಇಳಿಯುವಾಗ ಅವನೂ ಹಿಂದೆ ಬಂದ. ಆಚೀಚೆ ನೋಡಿ ದನಿ ಇಳಿಸಿದ. ಕ್ಷಮೆ ಕೇಳುತ್ತಾನೆ, ಇಲ್ಲವೇ ಮಗಳು ಹೇಗಿದ್ದಾಳೆ ಅಂತಲಾದರೂ ಕೇಳುತ್ತಾನೆ ಅಂದುಕೊಂಡು ನಾನು ನಿಂತೆ.

"ಗುರುಮಠಕಲ್ಲಿನಾಕಿ ಜೋಡಿ ಮಾತಾಡ್ತಿಯಂತ. ಈಗರ ನಮಾಜ್ ಮಾಡ್ತಾಳೇನು ಆಕಿ?"

ನಾನು ಆಕೆಯ ಜೊತೆ ವಾರಕ್ಕೊಮ್ಮೆ ಮಾತಾಡುತ್ತೇನೆ. ಬ್ಲೌಸು ಹೊಲಿದು ಮಗಳನ್ನು ನರ್ಸಿಂಗ್ ಓದಿಸಿದಳು. ಮಂಡಿನೋವು, ಮಗಳ ಡ್ಯೂಟಿ, ಟೊಮೆಟೊ ರೇಟು, ಎಲ್ಲ ಮಾತಾಡಿದ್ದೇವೆ. ಈ ಒಂದನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವನಿಗೆ ಉತ್ತರ ಕೊಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಖಾಲಾ ಹೋಗಿ ಇಪ್ಪತ್ತು ವರ್ಷವಾಯಿತು. ಅವನು ಇನ್ನೂ ಅದನ್ನೇ ಕೇಳುತ್ತಿದ್ದಾನೆ.